ಕಂಬಕ್ಕೆ ಬಡಿದ ಚೆಂಡು

ಈ ತಿಂಗಳ ಮೊದಲಲ್ಲಿ ಒಂದು ಶನಿವಾರ ನನ್ನ ಹೆಂಡತಿ ಸುಮಾ ಚಳಿಗಾಲದ ಜಾಕೆಟ್ಟುಗಳನ್ನೆಲ್ಲ ಒಗೆಯಲು ತೆಗೆದಳು. ಆಗಸ್ಟಿನಲ್ಲಿ, ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಸೆಖೆ ಇರುವಾಗ, ಉಣ್ಣೆಬಟ್ಟೆ ನೆನಪಾಗುವ ಹೆಂಗಸು ಷಿಕಾಗೋ ಪಕ್ಕದ ನಮ್ಮ ಇಡೀ ಡೆಸ್ ಪ್ಲೇನ್ಸಿನಲ್ಲಿ ಅವಳೊಬ್ಬಳೇ ಇರಬೇಕು. ನಾನು ಹಿಂದಿನ ಡೆಕ್ಕಿನ ಮೇಲೆ ಎರಡನೇ ಕಾಫಿ ಹಿಡಿದು ಕೂತಿದ್ದೆ. ನಮ್ಮ ಮನೆ ಏರ್‌ಪೋರ್ಟಿಗೆ ಅಂಟಿಕೊಂಡ ಹಾಗೇ ಇದೆ. ವಿಮಾನ ಇಳಿಯುವಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಉಳಿದರ್ಧ ಮುಗಿಸುವುದು ನಮ್ಮಿಬ್ಬರಿಗೂ ರೂಢಿಯಾಗಿಬಿಟ್ಟಿದೆ. ಜಗಳಗಳೂ ಹಾಗೇ ಅರ್ಧಕ್ಕೆ ನಿಂತು, ಎಷ್ಟೋ ಸಲ ಮುಂದುವರಿಸುವುದೇ ಮರೆತುಹೋಗುತ್ತದೆ. ವಿಮಾನಗಳಿಂದ ಇಷ್ಟಾದರೂ ಉಪಕಾರವಿದೆ.

"ಇದೇನ್ರೀ, ಜೇಬಲ್ಲಿ ಕಲ್ಲು ಇಟ್ಕೊಂಡಿದೀರಾ?" ಅಂತ ಒಳಗಿಂದ ಕೂಗಿದಳು.

ಕಲ್ಲಲ್ಲ. ಚಳಿಯಲ್ಲಿ ಕೈ ಬೆಚ್ಚಗಿಟ್ಟುಕೊಳ್ಳಲು ಅಂಗಡಿಯಲ್ಲಿ ಸಿಗುತ್ತದಲ್ಲ, ಪುಟ್ಟ ಬಟ್ಟೆಯ ಪೊಟ್ಟಣ, ಅದು. ಕವರ್ ಹರಿದು ಅಲ್ಲಾಡಿಸಿದರೆ ಕೆಲವು ಗಂಟೆ ಕಾವು ಕೊಡುತ್ತದೆ, ಆಮೇಲೆ ಗಟ್ಟಿಯಾಗಿ ಕಲ್ಲಿನ ಹಾಗೆ ಆಗಿಬಿಡುತ್ತದೆ. ಅದರ ಜೊತೆ ಜೇಬಿನ ಮೂಲೆಯಲ್ಲಿ ಒಂದಿಷ್ಟು ಅವಲಕ್ಕಿ ಚೂಡಾದ ಪುಡಿ, ಒಣಗಿದ ಒಂದು ಕರಿಬೇವಿನೆಲೆ. ಸುಮಾ ಅದನ್ನೆಲ್ಲ ಅಂಗೈಯಲ್ಲಿ ಹಿಡಿದು ತಂದು ತೋರಿಸಿದಾಗ ಇಂಗಿನ ವಾಸನೆ ಇನ್ನೂ ಸಣ್ಣಗೆ ಬರುತ್ತಿತ್ತು. ಹೋದ ನವೆಂಬರಿನ ಕೊನೆಯ ಶನಿವಾರದ ವಾಸನೆ.

"ಎಸೆದುಬಿಡು" ಅಂದೆ.

"ಸೀಸನ್ ಶುರುವಾಗುತ್ತಲ್ಲ, ಈ ಸಲ ಹೋಗ್ತೀರಾ?" ಅಂದಳು. ನನ್ನ ಮುಖ ನೋಡಿ ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಸೀಸನ್ ಅಂದರೆ ಕಾಲೇಜ್ ಫುಟ್‌ಬಾಲ್ ಸೀಸನ್. ಯಾವ ಕಾಲೇಜು ಅಂತ ಹೇಳುವುದಿಲ್ಲ. ಹೇಳಿದರೆ ಓದುತ್ತಿರುವವರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮುಚ್ಚುತ್ತೀರಿ, ಉಳಿದರ್ಧ ಜನ ನನ್ನನ್ನು ತಬ್ಬಿಕೊಂಡು ಅಳಲು ಬರುತ್ತೀರಿ. ಎರಡಕ್ಕೂ ನನ್ನಲ್ಲೀಗ ಶಕ್ತಿಯಿಲ್ಲ. ಮಿಶಿಗನ್ನಿನ ಒಂದು ಕಾಲೇಜು ಅಂದುಕೊಳ್ಳಿ, ಸಾಕು.

ನಾನು ಹುಟ್ಟಿ ಬೆಳೆದಿದ್ದು ತುಮಕೂರಿನಲ್ಲಿ. ಈ ದೇಶಕ್ಕೆ ಬಂದ ಹೊಸತರಲ್ಲಿ ಇವರ ಫುಟ್‌ಬಾಲ್ ನೋಡಿ ನಗು ಬಂದಿತ್ತು. ಕೈಯಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಕಾಲಿನ ಹೆಸರು. ನಾಲ್ಕು ಸೆಕೆಂಡು ಒಬ್ಬರ ಮೇಲೊಬ್ಬರು ಬಿದ್ದು, ಆಮೇಲೆ ಅರ್ಧ ನಿಮಿಷ ಗುಂಪಾಗಿ ನಿಂತು ಗುಸುಗುಸು ಮಾತಾಡುತ್ತಾರೆ. ನಮ್ಮ ಕನ್ನಡ ಸಂಘದ ಕಮಿಟಿ ಮೀಟಿಂಗ್ ನೋಡಿದ ಹಾಗೇ ಇತ್ತು. ಇಂಥ ಆಟದ ಹಿಂದೆ ಬಿದ್ದು, ಐವತ್ತು ದಾಟಿದ ಮೇಲೆ, ಶನಿವಾರ ಶನಿವಾರ ಷಿಕಾಗೋದಿಂದ ಮಿಶಿಗನ್ನಿಗೆ ಕಾರು ಓಡಿಸುವ ಮನುಷ್ಯ ನಾನಾಗುತ್ತೇನೆ ಅಂತ ಯಾರಾದರೂ ಹೇಳಿದ್ದರೆ ಅವರಿಗೆ ಜ್ವರ ಬಂದಿದೆ ಅಂದುಕೊಳ್ಳುತ್ತಿದ್ದೆ.

ಅದಕ್ಕೆಲ್ಲ ಕಾರಣ ನನ್ನ ಅಕ್ಕನ ಮಗ ನಿಶಾಂತ. ನಮಗೆಲ್ಲ ನಿಶು.

ಅಕ್ಕ ವೀಣಾ ಇರುವುದು ಮಿಶಿಗನ್ನಿನಲ್ಲೇ, ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್ಲಿನಲ್ಲಿ. ಭಾವ ಬಸವರಾಜ್ ಬಾಗಲಕೋಟೆ ಕಡೆಯವರು. ಆಬರ್ನ್ ಹಿಲ್ಸಿನಲ್ಲಿ ಕಾರು ಕಂಪನಿಯಲ್ಲಿ ಬ್ರೇಕುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಮನೆಯಲ್ಲೂ ಅವರದು ಅದೇ ಇಲಾಖೆ ಅಂತ ಅಕ್ಕ ಹೇಳುತ್ತಾಳೆ. ಯಾರು ಏನೇ ಹೊಸದು ಶುರುಮಾಡಿದರೂ ಮೊದಲು ಬ್ರೇಕ್ ಹಾಕುವವರು ಭಾವ. ಮಾತು ಕಡಿಮೆ. ಆಡಿದರೆ ಪಕ್ಕಾ ಬಾಗಲಕೋಟೆ. ಮೂವತ್ತು ವರ್ಷದ ಮಿಶಿಗನ್ ಹಿಮ ಅವರ ಮಾತಿನ ಒಂದು ಅಕ್ಷರವನ್ನೂ ಅಲ್ಲಾಡಿಸಿಲ್ಲ.

ನಿಶು ಚಿಕ್ಕವನಿದ್ದಾಗ ಸಾಕರ್, ಅಂದರೆ ನಾವು ಊರಲ್ಲಿ ಫುಟ್‌ಬಾಲ್ ಅನ್ನುವುದನ್ನು, ಆಡುತ್ತಿದ್ದ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಕೋಚ್ ಅವನ ಕಾಲಿನ ಹೊಡೆತ ನೋಡಿ, ನಮ್ಮಲ್ಲಿಗೆ ಬಾ ಅಂತ ಕರೆದರು. ಇವರ ಆಟದಲ್ಲೂ ಕಾಲಿಗೆ ಒಂದು ಕೆಲಸವಿದೆ, ಒಬ್ಬನೇ ಒಬ್ಬನಿಗೆ. ಮೈದಾನದ ಕೊನೆಯಲ್ಲಿ ಎರಡು ಹಳದಿ ಕಂಬ ನಿಂತಿರುತ್ತವಲ್ಲ, ಅವುಗಳ ನಡುವೆ ಚೆಂಡು ಹಾರಿಹೋಗುವಂತೆ ಒದ್ದರೆ ಮೂರು ಅಂಕ. ಆ ಒದೆಯುವವನನ್ನು ಕಿಕ್ಕರ್ ಅನ್ನುತ್ತಾರೆ. ಅವನು ಮೂರು ಗಂಟೆ ಸುಮ್ಮನೆ ಕೂತಿರುತ್ತಾನೆ. ಕರೆದಾಗ ಹೋಗಿ ಒಂದು ಸಲ ಒದ್ದು ಬರುತ್ತಾನೆ.

"ಒದಿಯೂದರಾಗ ಏನೈತಿ ಮರ್ಯಾದಿ?" ಅಂತ ಭಾವ ಆವತ್ತು ಕೇಳಿದ್ದರು. "ಕತ್ತೀನೂ ಒದಿತೈತಿ." ಆದರೂ ಫಾರ್ಮಿಗೆ ಸಹಿ ಹಾಕಿಕೊಟ್ಟರು. ಸಹಿ ಹಾಕಿದ ಮೇಲೆ ಹಿತ್ತಲ ಹುಲ್ಲುಹಾಸಿನಲ್ಲಿ ಮಗ ಒದೆಯುವುದನ್ನು ಅಡುಗೆಮನೆ ಕಿಟಕಿಯಿಂದ, ಪರದೆಯ ಸಂದಿಯಲ್ಲಿ ನೋಡುತ್ತಿದ್ದರು ಅಂತ ಅಕ್ಕ ಗುಟ್ಟಾಗಿ ಹೇಳಿದ್ದಳು.

ಕಾಲೇಜಿಗೆ ಸೇರಿದ ಮೇಲೆ ನಿಶು ಎರಡು ವರ್ಷ ಬರೀ ಪ್ರಾಕ್ಟೀಸ್ ಮಾಡಿದ. ಯೂನಿಫಾರ್ಮ್ ಒಗೆದಿದ್ದೇ ಒಗೆದಿದ್ದು, ಮೈದಾನಕ್ಕಿಳಿದಿದ್ದಿಲ್ಲ. ಮೂರನೇ ವರ್ಷ, ಅಂದರೆ ಹೋದ ಸೀಸನ್ನಿನಲ್ಲಿ, ಅವನಿಗಿಂತ ಮೊದಲಿದ್ದವನು ಪದವಿ ಮುಗಿಸಿ ಹೋಗಿದ್ದರಿಂದ ಜಾಗ ಇವನಿಗೆ ಬಂತು. ಬಂದದ್ದೇ ತಡ, ನಮ್ಮ ಹುಡುಗ ಒದ್ದದ್ದೆಲ್ಲ ಕಂಬಗಳ ನಡುವೆ. ಟೀವಿಯವರು ಅವನ ಹೆಸರನ್ನು ಮೂರು ಥರ ಉಚ್ಚರಿಸಿದರು, ಮೂರೂ ತಪ್ಪು. ನಾವು ಟೀವಿಯ ಕಡೆ ಕೈಮುಗಿಯುವುದೊಂದು ಬಾಕಿ.

ಆ ಶರತ್ಕಾಲದಲ್ಲಿ ಡೆಟ್ರಾಯಿಟಿನ ಸುತ್ತಮುತ್ತ ಕನ್ನಡದವರೆಲ್ಲ ಫುಟ್‌ಬಾಲ್ ಪಂಡಿತರಾದರು. ರಾಜ್ಯೋತ್ಸವದ ದಿನ ಸ್ಟೇಜಿನ ಮೇಲೆ ಅಕ್ಕ-ಭಾವನಿಗೆ ಶಾಲು ಹೊದಿಸಿ, ಭಾವನ ತಲೆಗೆ ಪೇಟ ಇಟ್ಟರು. "ಒದೆಯುವ ಕಾಲು ನಮ್ಮ ಕನ್ನಡದ ಕಾಲು" ಅಂತ ಸೆಕ್ರೆಟರಿ ಭಾಷಣ ಮಾಡಿದರು. ಭಾವ ಪೇಟದ ಕೆಳಗೆ ಬೆವರುತ್ತಾ ಸುಮ್ಮನೆ ಕೂತಿದ್ದರು. ನಾನಂತೂ ಪ್ರತಿ ಹೋಮ್ ಗೇಮಿಗೂ ಹೊರಟುಬಿಡುತ್ತಿದ್ದೆ. ಇಂಡಿಯಾನಾ ದಾಟಿ, ನಮಗಿಂತ ಒಂದು ಗಂಟೆ ಮುಂದಿರುವ ಅಲ್ಲಿನ ಗಡಿಯಾರಕ್ಕೆ ದಾರಿಯಲ್ಲೇ ಆ ಗಂಟೆ ಕಳೆದುಕೊಂಡು, ಬೆನ್ನು ಹಿಡಿದುಕೊಂಡು ಇಳಿಯುತ್ತಿದ್ದೆ. ಸ್ಟೇಡಿಯಮ್ಮಿನ ಒಳಗೆ ತಿಂಡಿ ಬಿಡುವುದಿಲ್ಲ. ಆದರೆ ಅಕ್ಕನ ಚೂಡಾ ಎಲ್ಲರ ಜೇಬುಗಳಲ್ಲಿ ಒಳಗೆ ಹೋಗುತ್ತಿತ್ತು.

ಇನ್ನು ಆ ಶನಿವಾರ.

ಸೀಸನ್ನಿನ ಕೊನೆಯ ಪಂದ್ಯ, ಎದುರಿಗೆ ನಮ್ಮ ಹಳೇ ವೈರಿಗಳು. ಮಧ್ಯಾಹ್ನದ ಆಟ. ಆಕಾಶ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿತ್ತು, ಚಳಿ ಮೂಳೆಗಿಳಿದಿತ್ತು. ಕೊನೇ ಗಳಿಗೆಯಲ್ಲಿ ನಾವು ಎರಡು ಅಂಕ ಹಿಂದೆ. ಗಡಿಯಾರದಲ್ಲಿ ಒಂದೇ ಒಂದು ಒದೆತಕ್ಕೆ ಸಮಯ. ಚೆಂಡು ಕಂಬಗಳ ನಡುವೆ ಹೋದರೆ ಗೆದ್ದೆವು, ಇಲ್ಲದಿದ್ದರೆ ಸೋತೆವು. ಅಷ್ಟು ಸರಳ. ದೂರವೂ ಏನೂ ಹೆಚ್ಚಿರಲಿಲ್ಲ. ಆ ಶರತ್ಕಾಲವೆಲ್ಲ ಅವನು ನಗುನಗುತ್ತಾ ಒದ್ದ ದೂರ.

ನಿಶು ಓಡಿ ಬಂದ. ಸ್ಟೇಡಿಯಮ್ಮಿನ ಅಷ್ಟೂ ಜನ ಎದ್ದು ನಿಂತರು. ಅಕ್ಕ ನನ್ನ ತೋಳು ಹಿಡಿದುಕೊಂಡಳು, ಉಗುರು ಜಾಕೆಟ್ಟಿನೊಳಗಿಂದಲೂ ನಾಟಿತು. ಭಾವ ಮಾತ್ರ ಕೈ ಕಟ್ಟಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಚೆಂಡು ಮೇಲೆದ್ದಿತು. ಚೆನ್ನಾಗಿಯೇ ಎದ್ದಿತು. ನನ್ನ ಪಕ್ಕದವನೊಬ್ಬ ಆಗಲೇ ಕೂಗಲು ಬಾಯಿ ತೆರೆದಿದ್ದ. ಆಮೇಲೆ ಅದು ಬಲಗಡೆಯ ಕಂಬಕ್ಕೆ ಬಡಿಯಿತು. ಆ ಸದ್ದು ನಮ್ಮ ಸಾಲಿಗೂ ಕೇಳಿಸಿತು, ಖಾಲಿ ಡ್ರಮ್ಮಿಗೆ ಕಲ್ಲು ಹೊಡೆದ ಹಾಗೆ. ಚೆಂಡು ಹಿಂದಕ್ಕೆ ಹುಲ್ಲಿನ ಮೇಲೆ ಬಿತ್ತು.

ಅಷ್ಟು ಜನ ಒಟ್ಟಿಗೆ ಸುಮ್ಮನಾಗುವುದನ್ನು ನೀವು ಕೇಳಿರಲಿಕ್ಕಿಲ್ಲ. ಎದುರಿನ ಮೂಲೆಯಲ್ಲಿದ್ದ ವೈರಿಗಳ ಕೂಗು ಆಮೇಲೆ ಬಂತು. ನಿಶು ಹೆಲ್ಮೆಟ್ ತೆಗೆಯದೆ ಕಂಬವನ್ನೇ ನೋಡುತ್ತಾ ನಿಂತಿದ್ದ. ಯಾರೋ ಬಂದು ಅವನ ಹೆಗಲು ಹಿಡಿದು ಕರೆದುಕೊಂಡು ಹೋದರು. ನಮ್ಮ ಸುತ್ತ ಜನ ಮೆಟ್ಟಿಲಿಳಿಯುತ್ತಾ ಬಯ್ಯುತ್ತಿದ್ದರು. ಕೆಲವರು ನಿಜವಾಗಿಯೂ ಅಳುತ್ತಿದ್ದರು. ಭಾವ ಕೂತುಬಿಟ್ಟವರು ಏಳಲಿಲ್ಲ. ಸ್ಟೇಡಿಯಂ ಮುಕ್ಕಾಲು ಖಾಲಿಯಾಗಿ, ಪೇಪರ್ ಕಪ್ಪುಗಳು ಗಾಳಿಗೆ ಉರುಳಾಡತೊಡಗಿದ ಮೇಲೆ ಎದ್ದು, "ನಡೀರಿ, ಟ್ರಾಫಿಕ್ ಆಗತೈತಿ" ಅಂದರು.

ಸೋಮವಾರ ಆಫೀಸಿಗೆ ಹೋದೆ. ನಾನು ಕೆಲಸ ಮಾಡುವುದು ವಿಮಾನದ ಸರಕು ಸಾಗಿಸುವ ಒಂದು ಕಂಪನಿಯಲ್ಲಿ. ಅಲ್ಲಿ ರಾಬ್ ಅಂತ ಒಬ್ಬನಿದ್ದಾನೆ. ಅವನು ಓದಿದ್ದು ಅದೇ ಕಾಲೇಜಿನಲ್ಲಿ, ಅವನ ಅಪ್ಪ ಓದಿದ್ದೂ ಅಲ್ಲೇ. ಕಾಫಿ ಮೆಷಿನ್ ಹತ್ತಿರ ನಾಲ್ಕು ಜನರ ನಡುವೆ ನಿಂತು, ಆ ಕಿಕ್ಕರ್ ಹುಡುಗನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದ. ಅಂಥವನನ್ನು ಮೈದಾನಕ್ಕೆ ಬಿಟ್ಟವರು ಯಾರು, ಮತ್ತೆ ಅವನ ಕಾಲಿಗೆ ಶೂ ಹಾಕಲು ಬಿಡಬಾರದು, ಹೀಗೆ. ನನಗೆ ಜಗಳವಾಡುವ ಚೈತನ್ಯ ಇರಲಿಲ್ಲ. ಹಿಂದಿನ ದಿನವೆಲ್ಲ ಕಾರು ಓಡಿಸಿ ಸುಸ್ತಾಗಿತ್ತು.

"ರಾಬ್, ಆ ಹುಡುಗ ನಮ್ಮಕ್ಕನ ಮಗ" ಅಂದೆ.

ಅವನು ಕಪ್ ಕೆಳಗಿಟ್ಟ. ಕೆಂಪಗಾದ.  ಮಧ್ಯಾಹ್ನ ನನ್ನ ಟೇಬಲ್ ಹತ್ತಿರ ಬಂದು, "ಅವನು ಊಟ ಮಾಡ್ತಿದಾನಾ?" ಅಂತ ಕೇಳಿದ. ಅದೊಂದೇ ಪ್ರಶ್ನೆ. ಆಮೇಲೆ ಪ್ರತಿ ಸೋಮವಾರವೂ ಕೇಳುತ್ತಾನೆ, ಈಗಲೂ.

ಊಟ ಮಾಡುತ್ತಿರಲಿಲ್ಲ. ಗೊತ್ತಿಲ್ಲದ ಊರುಗಳಿಂದ, ಗೊತ್ತಿಲ್ಲದ ಜನರಿಂದ ಅವನ ಫೋನಿಗೆ ಮೆಸೇಜುಗಳು ಬರುತ್ತಿದ್ದವು. ನಿನ್ನ ದೇಶಕ್ಕೆ ವಾಪಸ್ ಹೋಗು ಅಂತ ಎಷ್ಟೋ ಜನ. ಅವನು ಹುಟ್ಟಿದ್ದು ನಾರ್ತ್‌ವಿಲ್ಲಿನ ಮನೆಯಿಂದ ಹತ್ತು ಮೈಲಿ ದೂರದ ಆಸ್ಪತ್ರೆಯಲ್ಲಿ, ಎಲ್ಲಿಗೆ ಹೋಗಬೇಕು ಪಾಪ. ಅಕ್ಕ ಒಂದು ದಿನ ಆ ಮೆಸೇಜುಗಳನ್ನು ಓದಿಬಿಟ್ಟಳು. ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಮ್ಮವರಾದರೂ ಕಡಿಮೆಯೇ? ಬಯ್ಯಲಿಲ್ಲ, ಅಷ್ಟೇ. ಒಂದು ಪಾಟ್‌ಲಕ್ಕಿನಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಕೂಟದಲ್ಲಿ, ಜೀವಮಾನದಲ್ಲಿ ಚಪ್ಪಲಿ ಬಿಟ್ಟು ಬೇರೇನನ್ನೂ ಒದ್ದು ಗೊತ್ತಿಲ್ಲದ ಅಂಕಲ್ ಒಬ್ಬರು ಪಲಾವ್ ಹಾಕಿಸಿಕೊಳ್ಳುತ್ತಾ, "ಸ್ವಲ್ಪ ಎಡಗಡೆಗೆ ಒದ್ದಿದ್ರೆ ಆಗಿಬಿಡ್ತಿತ್ತು" ಅಂದರು. ಅಕ್ಕ ಪಲಾವಿನ ಸೌಟು ಅಲ್ಲೇ ಬಿಟ್ಟು ಮನೆಗೆ ಬಂದಳು.

ಡಿಸೆಂಬರಿನಲ್ಲಿ ಅಕ್ಕ ಫೋನ್ ಮಾಡಿದಳು. "ರಜಕ್ಕೆ ಬಂದಿದಾನೆ ಕಣೋ. ಬೇಸ್‌ಮೆಂಟ್ ಬಿಟ್ಟು ಮೇಲೇ ಬರಲ್ಲ. ನೀನು ಬಂದ್ರೆ ಮಾತಾಡ್ತಾನೇನೋ."

ಹೋದೆ. ಹಿಂದಿನ ದಿನವೆಲ್ಲ ಹಿಮ ಬಿದ್ದಿತ್ತು. ನಾನು ಮುಟ್ಟುವ ಹೊತ್ತಿಗೆ ಅಕ್ಕನ ಬಲವಂತಕ್ಕೆ ಹೊರಗೆ ಬಂದ ನಿಶು ಡ್ರೈವ್‌ವೇ ಮೇಲಿನ ಹಿಮ ಎತ್ತಿಹಾಕುತ್ತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ನಾನೂ ಒಂದು ಸಲಿಕೆ ತೆಗೆದುಕೊಂಡೆ. ಹತ್ತು ಸಲ ಎತ್ತಿಹಾಕಿ ಸೊಂಟ ಹಿಡಿದು ನಿಂತೆ. ಅವನು ನಕ್ಕ, ನೋಡಿ ಸಮಾಧಾನವಾಯಿತು.

ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ನಿಮಗೆ ಗೊತ್ತಿದ್ದದ್ದೇ. ಅವನ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಹೇಗಿದೀಯೋ?" ಅಂದೆ.

"ಎಲ್ಲರೂ ಪರವಾಗಿಲ್ಲ, ಪರವಾಗಿಲ್ಲ ಅಂತಾರೆ ಮಾಮ" ಅಂದ. "ಅಮ್ಮ ಗಾಳಿ ಅಂತಾಳೆ. ಕೋಚ್ ಅದೃಷ್ಟ ಅಂತಾರೆ. ಫ್ರೆಂಡ್ಸು ಆ ವಿಷಯವೇ ಎತ್ತಲ್ಲ, ನಾನು ರೂಮಿಗೆ ಬಂದ ತಕ್ಷಣ ಬೇರೆ ಮಾತು ಶುರು ಮಾಡ್ತಾರೆ. ಆಸ್ಪತ್ರೇಲಿ ಮಲಗಿರೋರ ಹತ್ರ ಮಾತಾಡ್ತಾರಲ್ಲ, ಹಾಗೆ. ಯಾರಾದ್ರೂ ಒಬ್ರು ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು ಅನ್ಸುತ್ತೆ."

ನಾನು ಮತ್ತೆ ಸಲಿಕೆ ಎತ್ತಿಕೊಂಡೆ.

ಮಧ್ಯಾಹ್ನ ಊಟಕ್ಕೆ ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ತುಮಕೂರಿನ ಹುಡುಗಿ ಅತ್ತೆಯಿಂದ ಕಲಿತ ಅಡುಗೆ. ನಾಲ್ಕೂ ಜನ ಕೂತೆವು. ಮಾತು ಅಕ್ಕನೇ ಶುರು ಮಾಡಿದಳು. "ಅವತ್ತು ಆ ಕಡೆ ಮೂಲೆಯಿಂದ ಎಂಥಾ ಗಾಳಿ ಅಂತೀಯ. ನಮ್ಮ ಕಪ್ಪುಗಳೇ ಹಾರಿಹೋದ್ವು."

"ಗಾಳಿ ಆಮ್ಯಾಲೆ ಬಂತು" ಅಂದರು ಭಾವ. ತಲೆ ಎತ್ತಲಿಲ್ಲ, ರೊಟ್ಟಿ ಮುರಿಯುತ್ತಲೇ ಇದ್ದರು. "ಇಂವ ಒದಿಯೂಮುಂದ ಗಾಳಿ ಇದ್ದಿದ್ದಿಲ್ಲ. ಎಲ್ಲಾ ಬರೋಬ್ಬರಿ ಇತ್ತು. ನಾ ನೋಡೀನಿ." ಆಮೇಲೆ ಮಗನ ಕಡೆ ತಿರುಗಿದರು. "ನೀ ಒದ್ದಿ. ಮಿಸ್ ಆತು. ಅಷ್ಟ."

"ರೀ!" ಅಂದಳು ಅಕ್ಕ.

ಭಾವ ಮುಂದುವರಿಸಿದರು. "ನಮ್ಮ ಆಫೀಸಿನಾಗ ಬ್ರೇಕ್ ಫೇಲ್ ಆದರ ಯಾರೂ ಗಾಳಿ ಅನ್ನಂಗಿಲ್ಲ. ಫೇಲ್ ಆತು ಅಂತೀವಿ. ಮರುದಿನ ಮತ್ತ ಹೋಗ್ತೀವಿ."

ನಿಶು ಅಪ್ಪನನ್ನೇ ನೋಡುತ್ತಿದ್ದ.  "ಥ್ಯಾಂಕ್ಸ್, ಅಪ್ಪ" ಅಂದ. ಅಂದು ತಟ್ಟೆಯ ಮೇಲೆ ಬಾಗಿ, ಅಷ್ಟು ದೊಡ್ಡ ಹುಡುಗ, ಹೆಗಲು ಅಲ್ಲಾಡುವ ಹಾಗೆ ಅತ್ತುಬಿಟ್ಟ. ಆ ಶನಿವಾರದ ನಂತರ ಅವನು ಅತ್ತದ್ದು ಅದೇ ಮೊದಲು ಅಂತ ಅಕ್ಕ ಆಮೇಲೆ ಹೇಳಿದಳು. ಭಾವ ಒಂದು ಕೈ ಅವನ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಅವನ ತಟ್ಟೆಗೆ ರೊಟ್ಟಿ ಹಾಕಿದರು. "ತಿನ್ನು. ಆರಿದರ ಬಿರುಸಾಗತಾವು."

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಭಾವ ಹೇಳಿದ ಹಾಗೆ ಮರುದಿನ ಮತ್ತೆ ಹೋದವನಿಗೆ ಬಾಗಿಲಲ್ಲಿ ಹಾರ ಹಿಡಿದು ಯಾರೂ ನಿಂತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ನಾನು ಆಫೀಸಿನ ಪಾರ್ಕಿಂಗಿನಲ್ಲಿ ಕಾರು ಸ್ಟಾರ್ಟ್ ಮಾಡುವಾಗ ನಿಶು ಫೋನ್ ಮಾಡಿದ. ಕೋಚ್ ಹೊಸ ಕಿಕ್ಕರನ್ನು ತಂದಿದ್ದಾರೆ, ಹೈಸ್ಕೂಲು ಈಗ ಮುಗಿಸುತ್ತಿರುವ ಹುಡುಗ, ಕಾಲಲ್ಲ ಅದು ಫಿರಂಗಿ, ಅಂದ.

"ಹಾಗಾದ್ರೆ ನೀನು?"

"ನಾನು ಎರಡನೆಯವನು. ಅಂದ್ರೆ ಬೆಂಚು." ಅಂದ. "ಇನ್ನೊಂದು ಕೆಲಸ ಇದೆ ಅಂದ್ರು. ಹೋಲ್ಡರ್."

ಕಿಕ್ಕರ್ ಒದೆಯುವಾಗ ಚೆಂಡು ತಾನಾಗಿ ನಿಂತಿರುವುದಿಲ್ಲ. ಒಬ್ಬ ಪಕ್ಕದಲ್ಲಿ ಮಂಡಿಯೂರಿ ಕೂತು, ತನ್ನ ಕಡೆಗೆ ಎಸೆದ ಚೆಂಡನ್ನು ಹಿಡಿದು, ನೆಲಕ್ಕೆ ನೆಟ್ಟಗೆ ನಿಲ್ಲಿಸಿ, ಬೆರಳ ತುದಿಯಲ್ಲಿ ಒತ್ತಿ ಹಿಡಿಯುತ್ತಾನೆ. ಅವನೇ ಹೋಲ್ಡರ್. ಇಷ್ಟು ವರ್ಷ ಈ ಆಟ ನೋಡಿದರೂ ಅಂಥವನೊಬ್ಬನಿದ್ದಾನೆ ಅಂತ ನಾನು ಗಮನವಿಟ್ಟು ನೋಡಿರಲೇ ಇಲ್ಲ.

"ಏನಂದೆ?"

"ಒಪ್ಕೊಂಡೆ."

"ಯಾಕೋ? ಕೊನೇ ವರ್ಷ. ಓದ್ಕೊಂಡು ಆರಾಮಾಗಿ ಇರಬಹುದಿತ್ತಲ್ಲ."

"ಬೆಂಚಿನ ಮೇಲೆ ಕೂತು ಅದನ್ನೇ ಯೋಚ್ನೆ ಮಾಡೋಕೆ ನನ್ ಕೈಲಾಗಲ್ಲ ಮಾಮ. ಬಿಟ್ಟು ಮನೇಲಿ ಕೂತ್ರೂ ಅದೇ. ಆ ಹುಲ್ಲಿನ ಮೇಲೆ ಏನಾದ್ರೂ ಒಂದು ಕೆಲಸ ಇರ್ಬೇಕು ನಂಗೆ." ಆಮೇಲೆ ಕನ್ನಡದಲ್ಲೇ, "ಅಪ್ಪಂಗೆ ನೀನೇ ಹೇಳು, ಪ್ಲೀಸ್" ಅಂದ.

ಕಷ್ಟದ ಕೆಲಸ ಬಂದಾಗ ಮಾತ್ರ ಈ ಮಕ್ಕಳಿಗೆ ಕನ್ನಡ ಬರುತ್ತದೆ.

ಹೇಳಿದೆ. ಭಾವ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. "ಅಂದ್ರ ಬ್ಯಾರೇದಂವ ಬಂದು ಒದಿತಾನ. ನಮ್ಮಂವ ಅವನ ಮುಂದ ಮೊಣಕಾಲೂರಿ ಚೆಂಡು ಹಿಡಿಬೇಕು" ಅಂದರು.

"ಆಟ ಅಲ್ವಾ ಭಾವ."

"ಸಾಕಪಾ ಈ ಆಟ. ನಾ ಇನ್ನ ಆ ಕಡೆ ಹಾಯಂಗಿಲ್ಲ." ಫೋನ್ ಇಟ್ಟರು.

ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು. ಸೋತದ್ದು ಒಂದು ಮಧ್ಯಾಹ್ನ, ಆದರೆ ಅದರ ಆಯಾಸ ಚಳಿಗಾಲ ಕಳೆದರೂ, ವಸಂತ ಕಳೆದರೂ ಇಳಿಯಲಿಲ್ಲ. ಗೆದ್ದಿದ್ದರೆ ಇಷ್ಟು ದಿನ ಖುಷಿಯಾಗಿರುತ್ತಿದ್ದೆವಾ? ಇಲ್ಲ, ಮುಂದಿನ ವಾರಕ್ಕೇ ಮರೆತಿರುತ್ತಿದ್ದೆವು. ಜುಲೈ ತಿಂಗಳಿಂದ ಟೀವಿಯಲ್ಲಿ ಹೊಸ ಸೀಸನ್ನಿನ ಮಾತು ಶುರುವಾಯಿತು, ಹೊಸ ಹುಡುಗರು, ಹೊಸ ಆಸೆ. ನಾನು ಚಾನೆಲ್ ಬದಲಾಯಿಸುತ್ತಿದ್ದೆ. ಸುಮಾ ಜಾಕೆಟ್ ಒಗೆಯಲು ತೆಗೆದದ್ದು ಇಂಥ ದಿನಗಳಲ್ಲಿ.

ಅದರ ಮರುವಾರ ಅಕ್ಕನ ಫೋನ್ ಬಂತು. ಆಟಗಾರರ ಮನೆಯವರು ಬಂದು ಪ್ರಾಕ್ಟೀಸ್ ನೋಡಲು ಒಂದು ಭಾನುವಾರ ಗೊತ್ತುಮಾಡಿದ್ದಾರಂತೆ. ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ನರ್ಸುಗಳಿಗೆ ಭಾನುವಾರವಿಲ್ಲ. "ನಿಮ್ ಭಾವ ಬರಲ್ಲ ಅಂತಾರೆ. ಹುಡುಗನ್ನ ನೋಡೋಕೆ ನಮ್ಮನೇಯಿಂದ ಒಬ್ರೂ ಇಲ್ಲ ಅಂತಾಗಬಾರದು ಕಣೋ" ಅಂದಳು.

ಶನಿವಾರವೇ ಹೋಗಿ ನಾರ್ತ್‌ವಿಲ್ಲಿನಲ್ಲಿ ಉಳಿದೆ. ಭಾನುವಾರ ಬೆಳಿಗ್ಗೆ ಭಾವ ಹುಲ್ಲು ಕತ್ತರಿಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ನಾನು ಕಾರಿಗೆ ಹತ್ತಿ ರಿವರ್ಸ್ ಹಾಕುವಾಗ ಮೆಷಿನ್ನಿನ ಸದ್ದು ನಿಂತಿತು. ಪಕ್ಕದ ಬಾಗಿಲು ತೆಗೆದು, ಬೆವರಿದ ಟೀ ಶರ್ಟಿನಲ್ಲೇ ಕೂತು ಬೆಲ್ಟ್ ಹಾಕಿಕೊಂಡರು. "ಬಿಸಿಲಾಗ ನೀ ಒಬ್ಬನ ಹೋಗಿ ಏನ್ ಮಾಡ್ತಿ" ಅಂದರು. 

ಅಷ್ಟು ದೊಡ್ಡ ಸ್ಟೇಡಿಯಮ್ಮಿನಲ್ಲಿ ಚದುರಿ ಕೂತ ಒಂದಷ್ಟು ಅಪ್ಪ ಅಮ್ಮಂದಿರು. ಕುರ್ಚಿಗಳು ಕಾದು ಸುಡುತ್ತಿದ್ದವು. ನಮ್ಮಿಂದ ಎರಡು ಕುರ್ಚಿ ಆಚೆ ದಪ್ಪಗಿನ ಒಬ್ಬ ಬಿಳಿಯ ಹೆಂಗಸು ದೊಡ್ಡ ಕಪ್ಪಿನಲ್ಲಿ ಐಸ್ ಟೀ ಹಿಡಿದು ಒಬ್ಬಳೇ ಕೂತಿದ್ದಳು. ಕೆಳಗೆ ಓಟ, ಸೀಟಿ, ಕೂಗು ಎಲ್ಲ ಮುಗಿದ ಮೇಲೆ ಕಿಕ್ಕರನ್ನು ಕರೆದರು. ಕೆಂಚು ಕೂದಲಿನ ಉದ್ದನೆಯ ಹುಡುಗ, ಮುಖದಲ್ಲಿ ಇನ್ನೂ ಗಡ್ಡ ಮೂಡಿರಲಿಲ್ಲ. ಅವನ ಮುಂದೆ ನಮ್ಮ ನಿಶು ಬಂದು ಹುಲ್ಲಿನ ಮೇಲೆ ಮಂಡಿಯೂರಿದ.

ಭಾವ ಕುರ್ಚಿಯ ತುದಿಗೆ ಸರಿದು ಕೂತರು.

ಮೊದಲನೆಯದು ಒಳಗೆ. ಎರಡನೆಯದೂ ಒಳಗೆ. ಮೂರನೆಯದು ಎಡಕ್ಕೆ ಎಲ್ಲೋ ಹೋಯಿತು. ಕೋಚ್ ಏನೋ ಕೂಗಿದರು. ಹುಡುಗ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. ನಿಶು ಎದ್ದು ಅವನ ಹತ್ತಿರ ಹೋಗಿ, ಒಂದೆರಡು ಮಾತಾಡಿ, ಮತ್ತೆ ಬಂದು ಮಂಡಿಯೂರಿದ.

ಪಕ್ಕದ ಹೆಂಗಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೆರಳುಗಳ ಸಂದಿಯಿಂದ ನಮ್ಮ ಕಡೆ ನೋಡಿ, "ಕ್ಷಮಿಸಿ. ಒದೀತಿರೋನು ನನ್ನ ಮಗ. ನನ್ನ ಕೈಲಿ ನೋಡೋಕಾಗಲ್ಲ. ನಿಮ್ಮವನು ಯಾರು?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಭಾವ ತೋರುಬೆರಳು ಚಾಚಿದರು. ಅವರ ಇಂಗ್ಲಿಷಿಗೂ ಬಾಗಲಕೋಟೆಯದೇ ತೂಕ. "ಮೊಣಕಾಲೂರಿ ಕೂತಾನಲ್ಲ. ಚೆಂಡು ಹಿಡದಾನಲ್ಲ. ಅಂವ ನಮ್ಮಂವ."

ಅವಳು ಕೈ ಇಳಿಸಿದಳು. ಅವಳಿಗೆ ಗೊತ್ತಾಯಿತು, ಹೋದ ವರ್ಷದವನು ಅಂತ. ಈ ರಾಜ್ಯದಲ್ಲಿ ಗೊತ್ತಿಲ್ಲದವರು ಯಾರು? ಆದರೆ ಅದನ್ನು ಎತ್ತಲಿಲ್ಲ. "ನಮ್ಮದು ತೀರಾ ಉತ್ತರದ ತುದಿಯ ಹಳ್ಳಿ. ಇವನು ಮನೆ ಬಿಟ್ಟು ಬಂದದ್ದೇ ಈಗ" ಅಂದಳು. "ಬಂದ ವಾರ ವಾಪಸ್ ಬರ್ತೀನಿ ಅಂತ ಅಳ್ತಿದ್ದ. ಈಗ ಫೋನ್ ಮಾಡಿದ್ರೆ ನಿಮ್ಮ ಮಗನ ಮಾತೇ. ಊಟಕ್ಕೆ ಜೊತೇಲಿ ಕರ್ಕೊಂಡು ಹೋಗ್ತಾನಂತೆ."

ಭಾವ ಟೋಪಿ ತೆಗೆದು, ಹಣೆ ಒರೆಸಿ, ಮತ್ತೆ ಹಾಕಿಕೊಂಡರು. ಕೆಳಗೆ ಹುಡುಗ ಮತ್ತೆ ಹೆಜ್ಜೆ ಅಳೆದು ನಿಂತಿದ್ದ. ಅವಳ ಕೈ ಮತ್ತೆ ಮುಖಕ್ಕೆ ಹೋಯಿತು.

"ನೋಡ್ರಿ" ಅಂದರು ಭಾವ. ಇಂಗ್ಲಿಷ್ ಮರೆತು ಕನ್ನಡದಲ್ಲೇ ಅಂದುಬಿಟ್ಟು, ಆಮೇಲೆ ಅವಳಿಗೆ ತಿಳಿಯುವ ಹಾಗೆ ಹೇಳಿದರು. "ಕಣ್ಣು ತೆಗೀರಿ. ಒಳಗ ಹೋದರೂ ನೋಡ್ರಿ, ಹೊರಗ ಹೋದರೂ ನೋಡ್ರಿ. ಆಮ್ಯಾಲೆ ಅಂವ ಮನಿಗೆ ಬಂದಾಗ ನೀವು ನೋಡಿರಬೇಕು."

ಅವಳು ನೋಡಿದಳು. ಮೂವರೂ ನೋಡಿದೆವು. ಹೋಯಿತು, ನಟ್ಟನಡುವೆ. ಅವಳು ಐಸ್ ಟೀ ಚೆಲ್ಲಿಕೊಂಡಳು.

ಪ್ರಾಕ್ಟೀಸ್ ಮುಗಿದ ಮೇಲೆ ನಿಶು ಬೇಲಿಯ ಹತ್ತಿರ ಬಂದ. ಅಪ್ಪನನ್ನು ಕಂಡು ಒಂದು ಕ್ಷಣ ನಿಂತ. ಬರುತ್ತಾರೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಭಾವ ಬೇಲಿಯಾಚೆಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿ, "ಎಡಗೈ ಲಗೂ ತೆಗಿತೀ" ಅಂದರು. "ಇನ್ನಷ್ಟ ತಡದು ತೆಗಿ."

"ಅಪ್ಪ, ಯು ನೋ ನಥಿಂಗ್ ಅಬೌಟ್ ಇಟ್" ಅಂತ ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ, "ಕೋಚ್ ಕೂಡ ಅದನ್ನೇ ಹೇಳಿದ್ರು" ಅಂದ.

ಇವತ್ತು ಶುಕ್ರವಾರ. ನಾಳೆ ಮೊದಲನೇ ಪಂದ್ಯ. ಆಫೀಸಿಗೆ ಅರ್ಧ ದಿನ ರಜೆ ಹಾಕಿದ್ದೇನೆ, ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡಿದ್ದೇನೆ. ಈ ವರ್ಷ ಗೆಲ್ಲುತ್ತೇವೆ ಅಂತ ನನಗೇನೂ ಅನ್ನಿಸುತ್ತಿಲ್ಲ. ಆಯಾಸವೂ ಹೋಗಿಲ್ಲ, ಅದು ಮೊಣಕಾಲು ನೋವಿನ ಹಾಗೆ ನನ್ನದೇ ಆಗಿಬಿಟ್ಟಿದೆ. ಆದರೂ ಹೊರಟಿದ್ದೇನೆ. ರಾಬ್ ಕೂಡ ಬರುತ್ತೇನೆ ಅಂದಿದ್ದಾನೆ, ಅವನ ಕಾರಿನಲ್ಲೇ ಹೋಗುತ್ತೇವೆ.

ಈಗಷ್ಟೇ ಭಾವ ಫೋನ್ ಮಾಡಿದ್ದರು. ತಾವಾಗಿ ಫೋನ್ ಮಾಡುವ ಜಾಯಮಾನ ಅವರದಲ್ಲ. "ಆ ಹುಡುಗನ ಅವ್ವ ನಾಳೆ ಒಬ್ಬಾಕಿನ ಬರ್ತಾಳಂತ" ಅಂದರು. "ನಮ್ಮ ಸಾಲಿನಾಗ ಸೀಟ್ ಐತಿ. ನಮ್ಮಿಬ್ಬರ ನಡುವ ಕೂಡಿಸೋಣು. ಬಾಳ ಹೆದರ್ತಾಳ."

"ನೀವು ಹೆದರಲ್ವಾ ಭಾವ?" ಅಂತ ಕೇಳಿದೆ. ತಮಾಷೆಗೆ ಕೇಳಿದ್ದು.



"ಹೆದರ್ತೀನಪಾ" ಅಂದರು. "ಅದಕ್ಕ ನಿನ್ನ ಕರಿಯಾಕತ್ತೀನಿ. ಲಗೂನ ಹೊರಡು."